ಮೊದಲು ಒಡೆಯನ ಮನೆಗೆ, ಆಮೇಲೆ ಯಜ್ಞವೇದಿಗೆ

ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯದ ಮೊದಲ ಏಳು ವಚನಗಳು ಬಹಳ ಲೌಕಿಕವಾದ ಪಾಪಗಳ ಬಗ್ಗೆ ಮಾತಾಡುತ್ತವೆ. ನಂಬಿ ಒಪ್ಪಿಸಿದ ಒಡವೆಯನ್ನು ಇಲ್ಲವೆಂದವನು, ನೆರೆಯವನದನ್ನು ಕಿತ್ತುಕೊಂಡವನು, ಬಿದ್ದು ಸಿಕ್ಕಿದ್ದನ್ನು ಬಚ್ಚಿಟ್ಟು ಸುಳ್ಳಾಣೆ ಇಟ್ಟವನು ಏನು ಮಾಡಬೇಕು? ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ಅದನ್ನು ಒಡೆಯನ ಕೈಗೇ ಕೊಡಬೇಕು. ಪ್ರಾಯಶ್ಚಿತ್ತದ ಟಗರಿನ ಮಾತು ಬರುವುದು ಇದಾದ ಮೇಲೆ. ಯೇಸು ಬೆಟ್ಟದ ಪ್ರಸಂಗದಲ್ಲಿ ಇದೇ ಕ್ರಮವನ್ನು ಎತ್ತಿಹಿಡಿದ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನೊಂದಿಗೆ ಒಂದಾಗು, ಆಮೇಲೆ ಬಂದು ಅರ್ಪಿಸು (ಮತ್ತಾಯ 5:23-24).

ನಮ್ಮ ಸಭೆಗಳಲ್ಲಿ ಪರಿಶುದ್ಧ ಜೀವನ ಎಂದೊಡನೆ ಮನಸ್ಸಿಗೆ ಬರುವುದು ಕುಡಿತ, ಸಿಗರೇಟು, ಸಿನಿಮಾ, ಉಡುಪು. ಕೊಡಬೇಕಾದವರಿಗೆ ಕೊಡದೆ ಉಳಿಸಿಕೊಂಡ ಹಣ ಆ ಪಟ್ಟಿಗೆ ಸೇರುವುದೇ ಕಡಿಮೆ. ಆದರೆ 'ನಾನು ಪರಿಶುದ್ಧನಾಗಿರುವ ಕಾರಣ ನೀವೂ ಪರಿಶುದ್ಧರಾಗಿರಿ' ಎನ್ನುವ ಯಾಜಕಕಾಂಡ 19ನ್ನು ಕೊನೆಯವರೆಗೆ ಓದಿ ನೋಡಿ. ಹೊಲದ ಅಂಚಿನ ತೆನೆಯನ್ನು ಬಡವನಿಗೆ ಬಿಡಬೇಕು, ಕೂಲಿಯವನ ಕೂಲಿ ರಾತ್ರಿ ಕಳೆಯುವವರೆಗೂ ನಿಮ್ಮ ಬಳಿ ಇರಬಾರದು, ತಕ್ಕಡಿ, ತೂಕ, ಅಳತೆ ಸರಿಯಾಗಿರಬೇಕು, ಪರದೇಶಿಯನ್ನು ನಿಮ್ಮವನಂತೆ ಪ್ರೀತಿಸಬೇಕು. ದೇವರ ಪರಿಶುದ್ಧತೆ ಅಲ್ಲಿ ಅಂಗಡಿಗೂ ಕಣಕ್ಕೂ ಇಳಿದು ಬಂದಿದೆ.

ಹಾಗಾದರೆ ರಕ್ಷಣೆ ಕ್ರಿಯೆಗಳಿಂದಲೇ ಎಂದು ಯಾರಾದರೂ ಕೇಳುತ್ತಾರೆ. ಅಲ್ಲ. ಪೌಲನು ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8 ಮತ್ತು 9ನೇ ವಚನಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ: ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ. ತೊಂದರೆ ಎಂದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. 10ನೇ ವಚನ ಸತ್ಕ್ರಿಯೆಗಳಿಗಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟೆವು ಎನ್ನುತ್ತದೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ತನ್ನ ಪತ್ರದಲ್ಲಿ ಬರೆದ ಯಾಕೋಬನು ಪೌಲನನ್ನು ಎದುರಿಸುತ್ತಿಲ್ಲ. ಬಟ್ಟೆಯೂ ಆ ದಿನದ ಊಟವೂ ಇಲ್ಲದ ಸಹೋದರನಿಗೆ 'ಬೆಚ್ಚಗಿರು, ಹೊಟ್ಟೆತುಂಬ ಉಣ್ಣು' ಎಂದು ಬರಿಗೈಯಲ್ಲಿ ಕಳಿಸುವ ಬಾಯಿಮಾತಿನ ನಂಬಿಕೆ ಸತ್ತದ್ದು ಎನ್ನುತ್ತಿದ್ದಾನೆ. ಪ್ರೊಟೆಸ್ಟೆಂಟ್ ಸಭೆಗಳ ಬೋಧನಾಗ್ರಂಥವಾದ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರಮಾಲೆ ಸತ್ಕ್ರಿಯೆಗಳನ್ನು ಮೂರನೇ ಭಾಗದಲ್ಲಿ, ಕೃತಜ್ಞತೆ ಎಂಬ ಶೀರ್ಷಿಕೆಯ ಕೆಳಗೆ ಇಟ್ಟದ್ದು ಇದಕ್ಕೇ. ಪಾಪ, ಬಿಡುಗಡೆ, ಆಮೇಲೆ ಕೃತಜ್ಞತೆ. ಅದರ 110ನೇ ಪ್ರಶ್ನೆ 'ಕದಿಯಬೇಡ' ಎಂಬ ಆಜ್ಞೆಯನ್ನು ವಿವರಿಸುವಾಗ ಕಳ್ಳತೂಕ, ಮೋಸದ ಅಳತೆ, ಖೋಟಾ ನಾಣ್ಯ, ದುಬಾರಿ ಬಡ್ಡಿಗಳನ್ನು ಹೆಸರಿಸಿ ಹೇಳುತ್ತದೆ. ಕದ್ದದ್ದನ್ನು ಹಿಂದಿರುಗಿಸಬೇಕೆಂಬುದು ಕಥೋಲಿಕ ಸಭೆಯ ಬೋಧನೆಯೂ ಹೌದು. ಈ ವಿಷಯದಲ್ಲಿ ಸಭೆಗಳ ನಡುವೆ ಜಗಳವಿಲ್ಲ.

ಸುಂಕ ವಸೂಲಿಯಲ್ಲಿ ಹಣ ಮಾಡಿದ ಜಕ್ಕಾಯನ ಕಥೆಯಲ್ಲಿ (ಲೂಕ 19) ಕ್ರಮ ಸ್ಪಷ್ಟವಾಗಿದೆ. ಯೇಸು ಮೊದಲು ಅವನನ್ನು ಹೆಸರು ಹಿಡಿದು ಕರೆದು, 'ಈಹೊತ್ತು ನಿನ್ನ ಮನೆಯಲ್ಲಿ ಇಳುಕೊಳ್ಳಬೇಕು' ಎಂದ. ಹಣದ ಮಾತು ಬಂದದ್ದು ಆಮೇಲೆ. ಕೃಪೆ ಮುಂದೆ, ಲೆಕ್ಕ ಹಿಂದೆ. ಆದರೆ ಆ ಲೆಕ್ಕ ಎಷ್ಟು ನಿಖರ ನೋಡಿ: ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ತಾನೇ ಒಪ್ಪಿಕೊಂಡವನಿಗೆ ಮೋಶೆಯ ಧರ್ಮಶಾಸ್ತ್ರ ವಿಧಿಸಿದ್ದು ಅಸಲು ಮತ್ತು ಐದನೇ ಒಂದು ಪಾಲು ಮಾತ್ರ. ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ವಿಮೋಚನಕಾಂಡ 22 ವಿಧಿಸಿದ ದಂಡ. ಆ ಕಳ್ಳನ ದಂಡವನ್ನು ಜಕ್ಕಾಯ ತಾನಾಗಿ ತಲೆಯ ಮೇಲೆ ಹೊತ್ತುಕೊಂಡ.

ಈಗ ಕೆಲಸದ ಮಾತು. ಮನಸ್ಸು ತಿರುಗಿದವರು ಎಲ್ಲಿಂದ ಶುರು ಮಾಡಬೇಕು?

ಒಂದು ನೋಟುಪುಸ್ತಕ ತೆಗೆದುಕೊಂಡು ನಾಲ್ಕು ಕಾಲಂ ಹಾಕಿ: ಯಾರಿಗೆ, ಏನು, ಎಷ್ಟು, ಯಾವಾಗಿನಿಂದ. 'ದೇವರೇ, ನನ್ನ ಎಲ್ಲಾ ಪಾಪಗಳನ್ನು ಕ್ಷಮಿಸು' ಎಂಬ ಪ್ರಾರ್ಥನೆ ಒಳ್ಳೆಯದೇ, ಆದರೆ ಮನಸ್ಸು ಅಡಗಿಕೊಳ್ಳಲು ಅದರಲ್ಲಿ ಜಾಗ ಬಹಳ. ಹೆಸರು ಮತ್ತು ಮೊತ್ತ ಬರೆದಾಗ ಆ ಜಾಗ ಉಳಿಯುವುದಿಲ್ಲ. ಉದಾಹರಣೆಗೆ, ಶನಿವಾರದ ಬಟವಾಡೆಯಲ್ಲಿ ಒಬ್ಬ ಕೂಲಿಯವನಿಂದ ದಿನಕ್ಕೆ 50 ರೂಪಾಯಿಯಂತೆ ಹಿಡಿದುಕೊಂಡಿದ್ದೀರಿ ಎಂದುಕೊಳ್ಳಿ. ತಿಂಗಳಿಗೆ 26 ದಿನ, ಎರಡು ವರ್ಷ. 31,200 ರೂಪಾಯಿ ಆಯಿತು. ಐದನೇ ಒಂದು ಪಾಲು 6,240. ಒಟ್ಟು 37,440. ಒಮ್ಮೆಗೇ ಆಗದಿದ್ದರೆ ತಿಂಗಳಿಗೆ 3,120ರಂತೆ ಒಂದು ವರ್ಷ. ಕಂತಿನಲ್ಲಿ ಕೊಡುವುದು ನಾಚಿಕೆಯ ವಿಷಯವಲ್ಲ. ಆದರೆ ಕಂತಿನ ತಾರೀಖು ಅವರಿಗೆ ಗೊತ್ತಿರಬೇಕು, ತಪ್ಪಬಾರದು.

ಐದನೇ ಪಾಲು ಇಂದಿನ ಕ್ರೈಸ್ತರಿಗೆ ಕಡ್ಡಾಯ ನಿಯಮ ಎಂದು ನಾವು ಬೋಧಿಸುವುದಿಲ್ಲ. ಆದರೂ ಅದು ಒಳ್ಳೆಯ ಅಳತೆಗೋಲು, ಹಳೆಯ ಬಾಕಿಗೆ ಅದೂ ಸಾಲದು. ಬೆಲೆ ಏರಿಕೆ ವರ್ಷಕ್ಕೆ ಶೇಕಡಾ 6ರಂತೆ ಹಿಡಿದರೆ ಸುಮಾರು 12 ವರ್ಷದಲ್ಲಿ ಹಣದ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆಗಿನ 20,000ವನ್ನು ಈಗ 20,000 ಎಂದೇ ಕೊಟ್ಟರೆ ಅರ್ಧ ಮಾತ್ರ ಕೊಟ್ಟಂತೆ.

ಕೊಡುವಾಗ ಆಡುವ ಮಾತು ಚಿಕ್ಕದಾಗಿರಲಿ: 'ನಿಮ್ಮ ಕೂಲಿಯಲ್ಲಿ ಇಷ್ಟು ಹಿಡಿದುಕೊಂಡಿದ್ದೆ. ಅದು ತಪ್ಪು. ಇದು ನಿಮ್ಮದೇ ದುಡ್ಡು.' ಆಗ ನಮಗೂ ಕಷ್ಟವಿತ್ತು, ನೀವೂ ಸರಿಯಾಗಿ ಬರುತ್ತಿರಲಿಲ್ಲ ಎಂಬ ವಿವರಣೆ ಸೇರಿದರೆ ತಪ್ಪೊಪ್ಪಿಗೆ ವಾದವಾಗುತ್ತದೆ. ಇನ್ನೇನೂ ಬಾಕಿ ಇಲ್ಲ ಎಂದು ಸಹಿ ಹಾಕಿಸಿಕೊಳ್ಳಬೇಡಿ. ಬ್ಯಾಂಕ್ ಖಾತೆಗೆ ಹಾಕಿದರೆ ದಾಖಲೆ ತಾನಾಗಿ ಉಳಿಯುತ್ತದೆ. ಕ್ಷಮಿಸಿ ಎಂದು ಕೇಳಬಹುದು. ಅವರು ಆಗಲೇ ಕ್ಷಮಿಸಬೇಕು, ಪ್ರಾರ್ಥನೆಯಲ್ಲಿ ಕೈ ಜೋಡಿಸಬೇಕು ಎಂದು ಒತ್ತಾಯಿಸುವ ಹಕ್ಕು ನಮಗಿಲ್ಲ.

ಆಸ್ತಿಯ ವಿಷಯವೇ ಎಲ್ಲಕ್ಕಿಂತ ನೋಯಿಸುವಂಥದ್ದು. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತಂದೆ ವಿಲ್ ಬರೆಯದೆ ತೀರಿಕೊಂಡರೆ ಮೂರನೇ ಒಂದು ಪಾಲು ತಾಯಿಗೆ, ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮನಾಗಿ. 9 ಎಕರೆ ಇದ್ದು ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ತಾಯಿಗೆ 3, ಒಬ್ಬೊಬ್ಬರಿಗೆ 2. ತಾಯಿಯೂ ವಿಲ್ ಇಲ್ಲದೆ ಹೋದರೆ ಆ 3 ಎಕರೆಯಲ್ಲಿ ಮತ್ತೆ ಒಂದೊಂದು. ಅಂದರೆ ಮಗಳದು 3 ಎಕರೆ. ಆದರೂ ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂದು ಹೇಳಿ, ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕನ ಸಹಿ ಹಾಕಿಸಿಕೊಳ್ಳುವ ತಮ್ಮಂದಿರು ಭಾನುವಾರ ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಸಹಿ ಇದೆ, ನೋಂದಣಿಯಾಗಿದೆ, ಕಾನೂನಿನಲ್ಲಿ ಗೆಲ್ಲಬಹುದು. ಆದರೆ ಅಕ್ಕ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ಹಾಕಿದ ಸಹಿಯನ್ನು ದೇವರ ಮುಂದೆ ಇಚ್ಛೆಯ ದಾನ ಎಂದು ತೋರಿಸಲಾಗದು. ಇದನ್ನು ಸರಿಪಡಿಸಲು ಬಾಯಿಮಾತು ಸಾಲದು. ವಕೀಲರನ್ನು ಕಂಡು, ಅವಳ ಪಾಲನ್ನು ನೋಂದಾಯಿತ ಪತ್ರದ ಮೂಲಕ ಅವಳ ಹೆಸರಿಗೆ ಮಾಡಿ, ಖಾತೆ ಬದಲಾವಣೆಯನ್ನೂ ಮುಗಿಸಿ. ಜಮೀನು ಆಗಲೇ ಮಾರಿಹೋಗಿದ್ದರೆ ಇಂದಿನ ಬೆಲೆ ಕಟ್ಟಿ.

ಸರಕಾರಕ್ಕೆ ತಪ್ಪಿಸಿದ ತೆರಿಗೆ ಯಾರ ದುಡ್ಡೂ ಅಲ್ಲ ಎಂಬ ಭಾವನೆ ಭಕ್ತರಲ್ಲೂ ಇದೆ. ಮೆಥೊಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಬರೆದ ಸಾಮಾನ್ಯ ನಿಯಮಗಳಲ್ಲಿ ಸುಂಕ ಕಟ್ಟದ ಮಾಲನ್ನು ಕೊಳ್ಳುವುದನ್ನೂ ಮಾರುವುದನ್ನೂ, ತೀರಿಸುವ ದಾರಿ ಕಾಣದೆ ಸಾಲ ಮಾಡುವುದನ್ನೂ ನಿಷೇಧಿಸಿದ. ಹಳೆಯ ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ ಇದೇ ಪರಂಪರೆಯದು. ಅದರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಆದಾಯ ತೆರಿಗೆಯಲ್ಲಿ ಬಿಟ್ಟದ್ದನ್ನು ತಾವಾಗಿಯೇ ತೋರಿಸಲು 2022ರಿಂದ ಅಪ್‌ಡೇಟೆಡ್ ರಿಟರ್ನ್ ವ್ಯವಸ್ಥೆ ಇದೆ, 2025ರಲ್ಲಿ ಅದರ ಅವಧಿಯನ್ನು ನಾಲ್ಕು ವರ್ಷಕ್ಕೆ ಹೆಚ್ಚಿಸಲಾಯಿತು. ತಡವಾದಷ್ಟೂ ಹೆಚ್ಚುವರಿ ತೆರಿಗೆ ಏರುತ್ತದೆ. ಲೆಕ್ಕಪರಿಶೋಧಕರಿಗೆ ಇದು ಗೊತ್ತಿರುತ್ತದೆ, ಕೇಳಿ.

ಇಷ್ಟೆಲ್ಲ ಮಾಡಲು ಹೊರಟವರೂ ಕೆಲವು ಕಡೆ ಎಡವುತ್ತಾರೆ. ಹೆಚ್ಚಾಗಿ ನಡೆಯುವುದು, ಒಡೆಯನಿಗೆ ಸಲ್ಲಬೇಕಾದದ್ದನ್ನು ಸಭೆಗೆ ಕೊಡುವುದು. ಕೆಲಸದವರ ಪಿಎಫ್ ಹಣ ಹಿಡಿದು ಕಟ್ಟದವನು ಆಲಯದ ಗೋಪುರಕ್ಕೆ ಲಕ್ಷ ಕೊಡುತ್ತಾನೆ. ತಂದೆತಾಯಿಗೆ ಸಲ್ಲುವುದನ್ನು 'ಇದು ಕೊರ್ಬಾನ್, ದೇವರಿಗಿಟ್ಟದ್ದು' ಎಂದು ತಪ್ಪಿಸುವವರನ್ನು ಯೇಸು ಮಾರ್ಕ 7ರಲ್ಲಿ ಖಂಡಿಸಿದ್ದು ಇದೇ ಕಾರಣಕ್ಕೆ. ಅನ್ಯಾಯಕ್ಕೆ ಒಳಗಾದವನು ಬದುಕಿಲ್ಲದಿದ್ದರೆ, ಹತ್ತಿರದ ನೆಂಟರೂ ಇಲ್ಲದಿದ್ದರೆ ಮಾತ್ರ ಅರಣ್ಯಕಾಂಡ 5 ಯಾಜಕನ ಕಡೆಗೆ ಕೈ ತೋರಿಸುತ್ತದೆ. ಅಂಥ ಹಣವನ್ನು ಹೆಸರು ಹೇಳದೆ ಬಡವರಿಗೆ ಕೊಡುವುದು ಸರಿ. ಅದಕ್ಕೆ ನಾಮಫಲಕ ಬೇಡ. ಸಭಾಪಾಲಕರೂ ಇಂಥ ಹಣ ಬಂದಾಗ 'ಇದು ಯಾರದು?' ಎಂದು ಕೇಳುವ ಧೈರ್ಯ ಮಾಡಬೇಕು.

ಸಾಕ್ಷಿ ಹೇಳುವ ಭರದಲ್ಲಿ ಬೇರೆಯವರ ಗುಟ್ಟು ಬಯಲಾಗುವುದು ಇನ್ನೊಂದು. ತಪ್ಪು ಎಷ್ಟು ಜನರನ್ನು ಮುಟ್ಟಿದೆಯೋ ಒಪ್ಪಿಗೆಯೂ ಅಷ್ಟೇ ಜನರ ಮುಂದೆ ಸಾಕು. ಇಬ್ಬರ ನಡುವಿನದನ್ನು ಮೈಕಿನಲ್ಲಿ ಹೇಳಿದರೆ ನೊಂದವರು ಎರಡನೇ ಸಲ ನೋಯುತ್ತಾರೆ.

ಹಣದಿಂದ ತೀರದ ತಪ್ಪುಗಳನ್ನು ಈ ಲೆಕ್ಕಕ್ಕೆ ಎಳೆಯಲೇಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಸಭೆಯ ಕೋಣೆಯಲ್ಲಿ ಪ್ರಾರ್ಥನೆ, ಪರಿಹಾರ, ರಾಜಿ ಯಾವುದಕ್ಕೂ ಜಾಗವಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು 21ನೇ ಸೆಕ್ಷನ್‌ನಡಿ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098. ಅಪರಾಧಿ ನಿಜವಾಗಿ ಮನಸ್ಸು ತಿರುಗಿದವನಾದರೆ ಆ ಪ್ರಕ್ರಿಯೆಯಿಂದ ತಪ್ಪಿಸಿಕೊಳ್ಳಲು ನೋಡುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಕಷ್ಟವೂ ಇದೆ. ಕೆಲವರು ಸೂಕ್ಷ್ಮ ಮನಸ್ಸಿನವರು. ಇಪ್ಪತ್ತು ವರ್ಷದ ಹಿಂದೆ ಶಾಲೆಯಿಂದ ತಂದ ಸೀಮೆಸುಣ್ಣವನ್ನೂ ನೆನೆದು ನಿದ್ದೆಗೆಡುತ್ತಾರೆ, ಪಟ್ಟಿ ಮುಗಿಯುವುದೇ ಇಲ್ಲ. ಇಂಥವರಿಗೆ ನಾವು ಹೇಳುವುದು: ನಿಮ್ಮ ಸಭಾಪಾಲಕರೊಂದಿಗೆ ಒಮ್ಮೆ ಕೂತು ಪಟ್ಟಿ ಮಾಡಿ, ಅವರು ಗೆರೆ ಎಳೆದ ಮೇಲೆ ಹೊಸದನ್ನು ಸೇರಿಸಬೇಡಿ. ಹಿಂದಿರುಗಿಸುವುದು ಪಾಪಕ್ಕೆ ಕಟ್ಟುವ ಬೆಲೆಯಲ್ಲ, ಆ ಬೆಲೆಯನ್ನು ಕ್ರಿಸ್ತ ಶಿಲುಬೆಯಲ್ಲಿ ಕಟ್ಟಿ ಮುಗಿಸಿದ್ದಾನೆ. ಆತಂಕ ದಿನದ ಕೆಲಸವನ್ನೇ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ನಂಬಿಕೆಯ ಕೊರತೆಯೇನೂ ಇಲ್ಲ.

ಕೊನೆಗೆ, ಕೊಡಲು ಮನಸ್ಸಿದ್ದರೂ ಕೈಯಲ್ಲಿ ಇಲ್ಲದವರ ಮಾತು. ಎಫೆಸ 4:28 ಕಳ್ಳನಿಗೆ ಇನ್ನು ಕದಿಯಬೇಡ ಎಂದು ಹೇಳಿ ಸುಮ್ಮನಾಗುವುದಿಲ್ಲ, ಕೈಯಾರೆ ದುಡಿದು ಕೊರತೆಯಲ್ಲಿರುವವರಿಗೆ ಕೊಡು ಎನ್ನುತ್ತದೆ. ಹಾಗಾಗಿ ಅವರಿಗೆ ಮೊದಲು ಬೇಕಾದದ್ದು ಕೆಲಸ. ಅದನ್ನು ಹುಡುಕಿಕೊಡುವುದು ಸಭೆಯ ಹೊಣೆ. ಒಡೆಯನನ್ನು ಬಿಟ್ಟುಬಂದಿದ್ದ ದಾಸ ಒನೇಸಿಮನ ವಿಷಯದಲ್ಲಿ ಪೌಲನು ಆ ಒಡೆಯ ಫಿಲೆಮೋನನಿಗೆ, ಅವನಿಂದ ನಿನಗೆ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಟ್ಟ. ಸಭೆಯ ಹಿರಿಯರು ಇದನ್ನು ಹಾಗೆಯೇ ಮಾಡಬಹುದು: ಸಾಲಗಾರನ ಜೊತೆ ಒಡೆಯನ ಮನೆಗೆ ಹೋಗಿ, ಕಂತಿಗೆ ಜಾಮೀನು ನಿಂತು, ಒಂದು ತಿಂಗಳು ತಪ್ಪಿದರೆ ಬಡವರ ನಿಧಿಯಿಂದ ತುಂಬಿ, ಆಮೇಲೆ ಅವನಿಂದ ಪಡೆದುಕೊಳ್ಳಬಹುದು. ಇದಕ್ಕೆ ವಾರ್ಷಿಕ ಬಜೆಟ್‌ನಲ್ಲಿ ಒಂದು ಸಣ್ಣ ಮೊತ್ತವನ್ನು ಬೇರೆಯಾಗಿ ತೆಗೆದಿಟ್ಟರೆ ಸಾಕು. ಲೆಕ್ಕಪುಸ್ತಕದಲ್ಲಿ ಫಲಾನುಭವಿಯ ಹೆಸರಿನ ಬದಲು ಒಂದು ಸಂಖ್ಯೆ ಬರೆಯಿರಿ, ಹೆಸರು ಸಭಾಪಾಲಕರ ಬಳಿ ಮಾತ್ರ ಇರಲಿ.