ಸಲಹೆ ಆಮೇಲೆ ಕೊಡಿ, ಮೊದಲು ಕೇಳಿಸಿಕೊಳ್ಳಿ

ಹಾಸನದ ಸುತ್ತಮುತ್ತಲ ಕಾಲೇಜುಗಳಲ್ಲಿ ಮೆಂಟರ್ ಆಗುವ ಸೀನಿಯರ್ ವಿದ್ಯಾರ್ಥಿಗಳಿಗೆ ನಾನು ತರಬೇತಿ ಕೊಡುತ್ತೇನೆ. ನನ್ನ ತಲೆನೋವು ಒಂದೇ. ಮೆಂಟರ್ ಅಂದರೆ ಬುದ್ಧಿ ಹೇಳುವವರು ಅಂತ ಎಲ್ಲರೂ ತಿಳಿದುಕೊಂಡು ಬರುತ್ತಾರೆ. ಜೂನಿಯರ್ ಎರಡು ಮಾತು ಆಡುವಷ್ಟರಲ್ಲಿ ಇವರ ಉತ್ತರ ರೆಡಿ.

ಒಂದು ತರಬೇತಿಯಲ್ಲಿ ಆಲೂರು ಕಡೆಯ ಫಸ್ಟ್ ಇಯರ್ ಹುಡುಗಿ, "ಅಕ್ಕಾ, ಬೆಳಗ್ಗೆ ಮೊದಲ ಕ್ಲಾಸಿಗೆ ಬರೋಕಾಗ್ತಿಲ್ಲ, ಅಟೆಂಡೆನ್ಸ್ ಹೋಗ್ತಿದೆ" ಅಂದಳು. ಮೆಂಟರ್ ತಕ್ಷಣ, "ಅಲಾರಾಂ ಇಟ್ಕೊಂಡು ಬೇಗ ಏಳು. ನಾನೂ ಹಂಗೇ ಇದ್ದೆ, ಈಗ ಐದಕ್ಕೇ ಏಳ್ತೀನಿ" ಅಂದಳು. ಹುಡುಗಿ "ಸರಿ ಅಕ್ಕಾ" ಅಂತ ಸುಮ್ಮನಾದಳು.

ಅದೇ ಮಾತುಕತೆಯನ್ನು ಮತ್ತೊಮ್ಮೆ ಮಾಡಿಸಿದೆ. ಈ ಸಲ ಸಲಹೆ ಕೊಡುವ ಹಾಗಿಲ್ಲ, ಕೇಳಿದ್ದನ್ನು ವಾಪಸ್ ಹೇಳಬೇಕು ಅಷ್ಟೇ. "ಮೊದಲ ಕ್ಲಾಸ್ ತಪ್ತಿದೆ, ಅಟೆಂಡೆನ್ಸ್ ಬಗ್ಗೆ ಭಯ ಆಗ್ತಿದೆ, ಅಲ್ವಾ?" ಅಂದಳು ಮೆಂಟರ್. ಆಗ ಹೊರಬಂತು ವಿಷಯ. ಅವರ ತೋಟದ ದಾರಿಯಲ್ಲಿ ಆನೆಗಳು ಓಡಾಡುತ್ತಿವೆ. ಬೆಳಕು ಹರಿಯುವವರೆಗೆ ಅಪ್ಪ ಮನೆಯಿಂದ ಬಿಡುವುದಿಲ್ಲ. ಅಷ್ಟರಲ್ಲಿ ಮೊದಲ ಬಸ್ ಹೋಗಿರುತ್ತದೆ. ಪಾಪ, ಆ ಮಗು ಏಳುವುದು ನಾಲ್ಕೂವರೆಗೆ! ಅಲಾರಾಂ ತಗೊಂಡು ಏನು ಮಾಡಬೇಕು?

ಇದು ನಾನು ಕಂಡುಹಿಡಿದದ್ದಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆದರೆ ಎಷ್ಟು ಹೇಳಿದರೂ ನಮ್ಮ ಮಕ್ಕಳು ತಪ್ಪುವುದು ಇಲ್ಲೇ. ವಾಪಸ್ ಹೇಳುವುದು ಅಂದರೆ ಗಿಣಿಪಾಠ ಒಪ್ಪಿಸುವುದಲ್ಲ. ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಎದುರಿನವರು "ಹೌದು, ಅದೇ" ಅನ್ನುವವರೆಗೆ ನಿಮಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. "ಇಲ್ಲಾ ಅಕ್ಕಾ, ಹಂಗಲ್ಲ" ಅಂದರೆ ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ಅವರು ನಿಮ್ಮನ್ನು ತಿದ್ದುವಷ್ಟು ಸಲಿಗೆ ಬಂತಲ್ಲ, ಒಳ್ಳೆಯದೇ ಆಯಿತು. ಸುಮ್ನೆ ತಲೆ ಆಡಿಸಿ "ಹ್ಞೂಂ ಹ್ಞೂಂ" ಅಂದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ತಲೆ ಆಡಿಸುತ್ತಲೇ ಇನ್‌ಸ್ಟಾ ನೋಡುವವರನ್ನೂ ಕಂಡಿದ್ದೇನೆ.

ಇನ್ನು ಮೌನ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದ್ದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಮೆಂಟರ್‌ಗಳೂ ಅಷ್ಟು ಕಾದರೆ ಸಾಕು. ಹಳ್ಳಿಯಿಂದ ಬಂದ ಮಕ್ಕಳಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು.

ಎಲ್ಲದಕ್ಕೂ ಇದೇ ಮದ್ದು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಫೀಸು ಕಟ್ಟಲು ಕೊನೆಯ ದಿನ ಯಾವುದು ಅಂತ ಕೇಳಿದವರಿಗೆ ದಿನಾಂಕ ಹೇಳಿ, ಭಾವನೆ ಕೆದಕಬೇಡಿ. ಸಾಯುವ ಮಾತು ಬಂದರೆ ಮಾತ್ರ ಗುಟ್ಟು ಕಾಪಾಡಲು ಹೋಗಬೇಡಿ. ಒಬ್ಬರನ್ನೇ ಬಿಡದೆ, ಕೂಡಲೇ ನಂಬಿಕಸ್ಥ ಉಪನ್ಯಾಸಕರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೆಂಟರ್ ಡಾಕ್ಟರ್ ಅಲ್ಲ.

ಪ್ರಿನ್ಸಿಪಾಲರಲ್ಲಿ ಒಂದು ವಿನಂತಿ. ಈ ತರಬೇತಿಯ ಅವಧಿಯನ್ನು ದಯವಿಟ್ಟು ದಿನದ ಕೊನೆಗೆ ಇಡಬೇಡಿ. ಅರಕಲಗೂಡು ಬಸ್ಸಿನ ಸೀಟಿನ ಮೇಲೆ ಕಣ್ಣಿಟ್ಟು ಕೂತವರಿಗೆ ಯಾರ ಮಾತೂ ಕೇಳಿಸುವುದಿಲ್ಲ, ನನ್ನದಂತೂ ಮೊದಲೇ ಇಲ್ಲ.