ಕರೆಂಟ್ ಹೋದಾಗ ಸೋಲಾರ್ ಯಾಕೆ ಸುಮ್ಮನಾಗುತ್ತದೆ?

ಹೋದ ಮಳೆಗಾಲದಲ್ಲಿ ಮರ ಬಿದ್ದು ಕಾರವಾರದ ನಮ್ಮ ಓಣಿಯ ಕರೆಂಟ್ ಹೋಯಿತು. ಮಧ್ಯಾಹ್ನ ಮೋಡ ಸರಿದು ಬಿಸಿಲೂ ಬಂತು. ಪಕ್ಕದ ಮನೆ ಅಕ್ಕ ಕಂಪೌಂಡ್ ಆಚೆಯಿಂದಲೇ ಕೇಳಿದರು: "ಅಷ್ಟು ದುಡ್ಡು ಸುರಿದು ಸೋಲಾರ್ ಹಾಕ್ಸಿದ್ರಿ, ನಿಮ್ಮಲ್ಲೂ ಫ್ಯಾನ್ ಇಲ್ವಾ?"

ಇರಲಿಲ್ಲ. ಬ್ಯಾಟರಿ ಇಲ್ಲದೆ ಹೊರಗಿನ ಲೈನಿಗೆ ಜೋಡಿಸಿದ ಸೋಲಾರ್ ಇರಬೇಕಾದ್ದೇ ಹಾಗೆ. ಲೈನಿನಲ್ಲಿ ಕರೆಂಟ್ ಹೋದ 2 ಸೆಕೆಂಡಿನೊಳಗೆ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಥರ ಬದಲಿಸುವ ಪೆಟ್ಟಿಗೆ, ಕೂಡ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ತಾರಸಿಯ ಕರೆಂಟ್ ಹೊರಗೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹೊಡೆಯಬಹುದು.

ಇನ್ವರ್ಟರ್ ನಿಂತರೂ ಪ್ಯಾನೆಲ್ ನಿಲ್ಲುವುದಿಲ್ಲ. ಸೂರ್ಯನಿಗೆ ಸ್ವಿಚ್ ಇಲ್ಲ ಅಲ್ವಾ? ನಮ್ಮಲ್ಲಿ ಆರು ಪ್ಯಾನೆಲ್ ಇವೆ. ಒಂದೊಂದು ಸುಮಾರು 50 ವೋಲ್ಟ್, ಸಾಲಾಗಿ ಜೋಡಿಸಿದರೆ 300ರ ಹತ್ತಿರ. ಅದೂ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮನೆಯ ಎಸಿ ಕರೆಂಟ್ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಸಡಿಲ ಜಾಯಿಂಟಿನಲ್ಲಿ ಕಿಡಿ ಹುಟ್ಟಿದರೂ ಆರಲು ಅವಕಾಶವಿದೆ. ಡಿಸಿ ಸೊನ್ನೆಗೆ ಇಳಿಯುವುದೇ ಇಲ್ಲ. ಕಿಡಿ ವೆಲ್ಡಿಂಗ್ ಥರ ಉರಿಯುತ್ತಲೇ ಇರುತ್ತದೆ.

ಅದಕ್ಕೇ ನಾನು ಪ್ಯಾನೆಲ್‌ಗಿಂತ ಜಾಸ್ತಿ ನೋಡುವುದು ಕನೆಕ್ಟರ್, ಬೋಲ್ಟುಗಳನ್ನು. ಇಲ್ಲಿಯ ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಗೆ ಸೋಲಾರ್ ಕೂರಿಸಿದವರು ಒಂದು ಮೂಲೆಗೆ ಮಾಮೂಲಿ ಕಬ್ಬಿಣದ ಬೋಲ್ಟ್ ಹಾಕಿದ್ದರು. ಒಂದೇ ಮಳೆಗಾಲಕ್ಕೆ ಅದು ಕೆಂಪಾಗಿ ಉಬ್ಬಿತ್ತು. ಅದು ತಾಗಿದ ಕಡೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಬಿಳಿ ಪುಡಿ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಅದೇ ಒಂದು ಪುಟ್ಟ ಬ್ಯಾಟರಿ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಬೋಲ್ಟ್ ಹಾಕಿಸಿದೆ. ಕಡಲ ಹತ್ತಿರ ಮನೆ ಇದ್ದವರು ಉಪ್ಪುಗಾಳಿಯ ಪರೀಕ್ಷೆ, ಅಂದರೆ ಐಇಸಿ 61701, ಪಾಸಾದ ಪ್ಯಾನೆಲ್ಲಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಇನ್ನು ಉತ್ಪಾದನೆ. ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಅದರ ಮೇಲೆ ಬರೆದ ವ್ಯಾಟ್ ಲೆಕ್ಕ, ಒಳಗಿನ ಸೆಲ್ (ಬೆಳಕನ್ನು ಕರೆಂಟ್ ಮಾಡುವ ತೆಳು ಬಿಲ್ಲೆ) 25 ಡಿಗ್ರಿ ಇದ್ದಾಗಿನದು. ಆಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಕಡಿತ. ಮೇ ತಿಂಗಳ ಮಧ್ಯಾಹ್ನ ಸೆಲ್ 65 ಮುಟ್ಟಿದರೆ 100 ವ್ಯಾಟ್ ಬರುವಲ್ಲಿ 86. ತಗಡಿನ ಶೀಟಿಗೆ ಅಂಟಿಸಿದ ಹಾಗೆ ಕೂರಿಸಿದರೆ ಇನ್ನೂ ಕಾಯುತ್ತದೆ. ಕೆಳಗೆ ಗಾಳಿ ಆಡುವಷ್ಟು ಜಾಗ ಬಿಡಿಸಿ.

ಸಿರ್ಸಿಯ ನಮ್ಮ ಭಾವನಿಗೆ ಉಪ್ಪಿನ ಕಾಟವಿಲ್ಲ, ನೆರಳಿನದು ಇದೆ. ಒಂದೇ ಸೆಲ್ ಮೇಲೆ ದಟ್ಟ ನೆರಳು ಬಿದ್ದರೂ ಅದು ಬಿಸಿಯಾಗಿ ಸುಡಬಹುದು. ಹಾಗಾಗದಂತೆ ಒಳಗಿನ ಬೈಪಾಸ್ ಡಯೋಡ್ ಕರೆಂಟನ್ನು ಪಕ್ಕದಿಂದ ದಾಟಿಸುತ್ತದೆ. ಆಗ ಆ ಪ್ಯಾನೆಲ್‌ನ ಮೂರರಲ್ಲೊಂದು ಭಾಗ ಲೆಕ್ಕಕ್ಕಿಲ್ಲ. ಹಲಸಿನ ಮರ ಕಡಿಯೋದಾ, ಪ್ಯಾನೆಲ್ ಸರಿಸೋದಾ ಅಂತ ಆ ಮನೆಯಲ್ಲಿ ಇನ್ನೂ ವಾದ ಮುಗಿದಿಲ್ಲ. ನನ್ನ ಓಟು ಹಲಸಿಗೆ.