ವೋಟು ಬೇರೆಯಾದರೆ ಬೀಗತನ ಬೇಡ

ನಿಮಗೆ ತೀರಾ ದೂರ ಅನಿಸುವ ಪಕ್ಷ ಯಾವುದು ಎಂದು ಮೊದಲು ಕೇಳುತ್ತಾರೆ. ಆಮೇಲೆ ಬರುವುದು ನಿಜವಾದ ಪ್ರಶ್ನೆ: ಆ ಪಕ್ಷಕ್ಕೆ ವೋಟು ಹಾಕುವವನಿಗೆ ನಿಮ್ಮ ಮಗಳನ್ನು ಕೊಡ್ತೀರಾ?

2017ರಲ್ಲಿ ಇಸ್ತಾಂಬುಲ್‌ನ ಬಿಲ್ಗಿ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಜನರನ್ನು ಹೀಗೆ ಕೇಳಿದಾಗ, ಹತ್ತರಲ್ಲಿ ಸುಮಾರು ಎಂಟು ಮಂದಿ ಆಗಲ್ಲ ಅಂದರು. ಅಂಥವರ ಜೊತೆ ವ್ಯಾಪಾರವೂ ಬೇಡ ಎಂದವರು ಏಳಕ್ಕಿಂತ ಜಾಸ್ತಿ. ಮಕ್ಕಳು ಒಟ್ಟಿಗೆ ಆಡುವುದಕ್ಕೂ ಸುಮಾರು ಮೂರರಲ್ಲಿ ಇಬ್ಬರ ತಕರಾರು!

ಈ ಅಳತೆಗೋಲು ಹಳೆಯದು. 1920ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ ಇದನ್ನು ಮಾಡಿದ್ದು ಜನಾಂಗಗಳ ನಡುವಿನ ದೂರ ಅಳೆಯಲು. ನೆಂಟನಾಗಿ ಒಪ್ಪುತ್ತೀರಾ, ಗೆಳೆಯನಾಗಿ, ಪಕ್ಕದ ಮನೆಯವನಾಗಿ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುವ ಲೆಕ್ಕ ಅದು. ಅದೇ ಕೋಲಿನಿಂದ ಈಗ ಪಕ್ಷಗಳ ದೂರ ಅಳೆಯುತ್ತಾರೆ. ತೆರಿಗೆ ಎಷ್ಟಿರಬೇಕು ಎನ್ನುವುದರಲ್ಲಿ ಭಿನ್ನಾಭಿಪ್ರಾಯ ಇರುವುದು ಬೇರೆ, ಎದುರು ಪಕ್ಷದವನ ಮುಖ ಕಂಡರಾಗದಿರುವುದು ಬೇರೆ. ಎರಡನೆಯದಕ್ಕೆ ಭಾವನಾತ್ಮಕ ಧ್ರುವೀಕರಣ ಎನ್ನುತ್ತಾರೆ.

ಟರ್ಕಿಯಲ್ಲಿ ಇದು ಎಲ್ಲಿಂದ ಬಂತು? ಕಾರಣ ಹಲವು, ಅಲ್ಲಿನ ಅಲ್ಪಸಂಖ್ಯಾತ ಕುರ್ದರ ಹಕ್ಕಿನ ಪ್ರಶ್ನೆಯೂ ಅದರಲ್ಲಿ ದೊಡ್ಡದು. ಆದರೆ ನನಗೆ ಮೊದಲು ನೆನಪಾಗುವುದು ಒಂದು ತಲೆವಸ್ತ್ರ. 1999ರ ಮೇ 2ರಂದು ಹೊಸದಾಗಿ ಆಯ್ಕೆಯಾಗಿದ್ದ ಮೆರ್ವೆ ಕವಾಕ್ಚಿ ತಲೆವಸ್ತ್ರ ತೊಟ್ಟು ಸಂಸತ್ತಿಗೆ ಬಂದರು. ಸಂಸತ್ತಿನಲ್ಲಿ ಧರ್ಮದ ಗುರುತು ಬೇಡ ಎನ್ನುವ ಸದಸ್ಯರು ಮೇಜು ಬಡಿಯುತ್ತಾ 'ಹೊರಗೆ, ಹೊರಗೆ' ಎಂದು ಕೂಗಿದರು. ಪ್ರಮಾಣವಚನ ತೆಗೆದುಕೊಳ್ಳದೆಯೇ ಆಕೆ ಹೊರಟುಹೋದರು. ಆ ಕಾಲದಲ್ಲಿ ಕಾಲೇಜಿಗೂ ತಲೆವಸ್ತ್ರ ತೊಟ್ಟು ಹೋಗುವಂತಿರಲಿಲ್ಲ. ಎಷ್ಟೋ ಹುಡುಗಿಯರು ತಲೆವಸ್ತ್ರದ ಬದಲು ವಿಗ್ ಹಾಕಿಕೊಂಡು ತರಗತಿಗೆ ಹೋದರು. ಆಮೇಲೆ ಬಂದ, ಈಗ ಅಧ್ಯಕ್ಷರಾಗಿರುವ ಎರ್ಡೋಗನ್ ಅವರ ಸರ್ಕಾರ ಈ ನಿಷೇಧ ತೆಗೆಯಿತು. ವಿಗ್ ಹಾಕಿಕೊಂಡು ಓದಿದ ಆ ಹೆಂಗಸಿಗೆ ವೋಟು ಎಂದರೆ ಈರುಳ್ಳಿ ಬೆಲೆ ಅಷ್ಟೇ ಅಲ್ಲ. ಆಚೆ ಕಡೆಯವರಿಗೂ, ಅಂದರೆ ಸರ್ಕಾರದಿಂದ ಧರ್ಮ ದೂರ ಇರಬೇಕು ಎನ್ನುವವರಿಗೂ, ಅವರದೇ ಭಯ ಇದೆ: ಅತಾತುರ್ಕ್ 1923ರಲ್ಲಿ ಕಟ್ಟಿದ ಗಣರಾಜ್ಯ ಕೈತಪ್ಪಿ ಹೋಗುತ್ತಿದೆ, ನಾಳೆ ನಮ್ಮ ಮಗಳು ಏನು ತೊಡಬೇಕೆಂದು ಇನ್ಯಾರೋ ಹೇಳುತ್ತಾರೆ ಎಂದು.

ಹಾಗಾಗಿ 2023ರ ಅಧ್ಯಕ್ಷೀಯ ಚುನಾವಣೆ ನೋಡಿ ಹೊರಗಿನವರು ಮಾತ್ರ ತಬ್ಬಿಬ್ಬಾದರು ಅನಿಸುತ್ತದೆ. ಹಿಂದಿನ ಅಕ್ಟೋಬರ್‌ನಲ್ಲಿ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇ 85 ದಾಟಿತ್ತು. ಫೆಬ್ರವರಿಯ ಭೂಕಂಪದಲ್ಲಿ 50,000ಕ್ಕೂ ಹೆಚ್ಚು ಜನ ಸತ್ತರು, ಪರಿಹಾರ ತಡವಾಯಿತೆಂದು ಸಿಟ್ಟೂ ಇತ್ತು. ಆದರೂ ಭೂಕಂಪದ ಕೇಂದ್ರವಿದ್ದ ಕಹ್ರಮನ್‌ಮರಾಶ್ ಪ್ರಾಂತ್ಯದಲ್ಲೇ ಎರ್ಡೋಗನ್‌ಗೆ ಶೇ 70ಕ್ಕಿಂತ ಜಾಸ್ತಿ ವೋಟು ಬಿತ್ತು. ದೇಶದ ಲೆಕ್ಕದಲ್ಲಿ ಎರಡನೇ ಸುತ್ತನ್ನು ಅವರು ಗೆದ್ದದ್ದು 52–48ರಿಂದ. 2017ರಲ್ಲಿ ಅಧ್ಯಕ್ಷ ಪದ್ಧತಿಗಾಗಿ ನಡೆದ ಜನಮತಗಣನೆಯ ಫಲಿತಾಂಶ 51–49. ಗೆಲ್ಲಲು ಅರ್ಧಕ್ಕಿಂತ ಒಂದು ವೋಟು ಹೆಚ್ಚು ಬೇಕು ಎನ್ನುವ ಆ ಪದ್ಧತಿ ಸಣ್ಣಪುಟ್ಟ ಪಕ್ಷಗಳನ್ನೂ ಎರಡು ಗುಂಪಿಗೆ ಎಳೆದುಹಾಕಿತು.

ಹಾಗಂತ ಯಾರೂ ಕದಲುವುದೇ ಇಲ್ಲ ಎಂದಲ್ಲ. 2019ರ ಮಾರ್ಚ್‌ನಲ್ಲಿ ಇಸ್ತಾಂಬುಲ್ ಮೇಯರ್ ಚುನಾವಣೆಯಲ್ಲಿ ವಿರೋಧ ಪಕ್ಷ ಸಿಎಚ್‌ಪಿಯ ಎಕ್ರೆಮ್ ಇಮಾಮೊಲು ಗೆದ್ದದ್ದು ಬರೀ 13,000 ಚಿಲ್ಲರೆ ವೋಟಿನಿಂದ. ಚುನಾವಣಾ ಮಂಡಳಿ ಅದನ್ನು ರದ್ದು ಮಾಡಿತು. ಜೂನ್‌ನಲ್ಲಿ ಮತ್ತೆ ನಡೆದಾಗ ಅಂತರ ಸುಮಾರು 8 ಲಕ್ಷ! ಆ ವರ್ಷ ಅವರ ಪಕ್ಷ ಕಾರ್ಯಕರ್ತರಿಗೆ ಒಂದು ಕೈಪಿಡಿ ಹಂಚಿತ್ತು. ಅದರ ಸಾರ ಇಷ್ಟೇ: ಎರ್ಡೋಗನ್‌ರನ್ನು ಸುಮ್ನೆ ಬಿಟ್ಟುಬಿಡಿ, ಅವರನ್ನು ಪ್ರೀತಿಸುವವರನ್ನು ಪ್ರೀತಿಸಿ. ಕುರ್ದ್ ಪರ ಪಕ್ಷ ಅಲ್ಲಿ ಅಭ್ಯರ್ಥಿ ಹಾಕದಿದ್ದದ್ದೂ ನೆರವಾಯಿತು, ಬರೀ ಪ್ರೀತಿಯ ಮಹಿಮೆ ಅನ್ನೋಕಾಗಲ್ಲ.

2024ರ ಸ್ಥಳೀಯ ಚುನಾವಣೆಯಲ್ಲಿ ಸಿಎಚ್‌ಪಿ 1977ರ ನಂತರ ಮೊದಲ ಸಲ ದೇಶದಲ್ಲೇ ಹೆಚ್ಚು ವೋಟು ಪಡೆಯಿತು. 2025ರ ಮಾರ್ಚ್ 19ರಂದು ಪೊಲೀಸರು ಇಮಾಮೊಲು ಅವರನ್ನು ಹಿಡಿದೊಯ್ದರು. ನಾಲ್ಕು ದಿನದ ನಂತರ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಪಕ್ಷ ತನ್ನೊಳಗೇ ಮತದಾನ ಇಟ್ಟುಕೊಂಡಿತ್ತು. ಅಂದು ಸದಸ್ಯರ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟರು, ಯಾವ ಪಕ್ಷದವರು ಬೇಕಾದರೂ ಬಂದು ಹಾಕಲಿ ಎಂದು.